ಮೇಲ್ಮನೆಯ ದಿನಚರಿ

(ಉಪಾಧ್ಯಾಯರೂ ಪುರಜನರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವಿಧಾನ ಪರಿಷತ್ತಿನ ಹೆಸರು ಜನರ ಬಾಯಲ್ಲಿ ಬರುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ. ಚುನಾವಣೆ ಬಂದಾಗ ಒಮ್ಮೆ, ಸಭೆಯಲ್ಲಿ ಗದ್ದಲವೆದ್ದಾಗ ಮತ್ತೊಮ್ಮೆ. ಇವೆರಡರ ನಡುವೆ ಆ ಸಭೆಯು ದಿನದಿನವೂ ನಡೆಸುವ ಸಾಧಾರಣ ಕೆಲಸವನ್ನು ಕುರಿತು ಮಾತನಾಡುವವರು ವಿರಳ. ಇಂದು ನಾವು ಆ ಸಾಧಾರಣ ಕೆಲಸವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇವೆ. ವಿಷಯವು ನೀರಸವೆಂದು ಕೆಲವರಿಗೆ ತೋರಬಹುದು. ಆದರೆ ಸಂಸಾರವು ನಡೆಯುವುದು ಹಬ್ಬದ ದಿನದ ಹೋಳಿಗೆಯಿಂದಲ್ಲ, ನಿತ್ಯವೂ ಹೊತ್ತಿಸುವ ಒಲೆಯಿಂದ. ರಾಜ್ಯದ ಮಾತೂ ಇದೇ. ಕನ್ನಡ ನಾಡು ಒಂದಾಗಬೇಕೆಂದು ನಮ್ಮ ಹಿರಿಯರು ಹೋರಾಡಿದ್ದು ಯಾವುದಕ್ಕಾಗಿ ಎಂದು ಕೇಳಿದರೆ, ಆ ಪ್ರಶ್ನೆಗೆ ಉತ್ತರವನ್ನು ಈ ನಿತ್ಯದ ಒಲೆಯ ಬಳಿಯಲ್ಲಿಯೇ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ಸ್ವಲ್ಪ ಪೂರ್ವವೃತ್ತಾಂತವನ್ನು ಹೇಳುತ್ತೇವೆ. 1881ರಲ್ಲಿ ಚಾಮರಾಜೇಂದ್ರ ಒಡೆಯರ ಆಳಿಕೆಯಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಹುಟ್ಟಿತು. ಆ ವರ್ಷದ ಅಕ್ಟೋಬರಿನಲ್ಲಿ ಅದರ ಮೊದಲನೆಯ ಸಭೆಗೆ 144 ಮಂದಿ ಪ್ರತಿನಿಧಿಗಳು ಕೂಡಿದರು. ದೇಶೀಯ ಸಂಸ್ಥಾನಗಳಲ್ಲಿ ಇದು ಅಪೂರ್ವವಾದ ಆರಂಭವೇ ಸರಿ. ಆದರೆ ಆ ಪ್ರತಿನಿಧಿಗಳಿಗೆ ತಮ್ಮ ಸೀಮೆಯ ಕಷ್ಟಸುಖಗಳನ್ನು ಅರಿಕೆ ಮಾಡಿಕೊಳ್ಳುವ ಅವಕಾಶವಿದ್ದಿತೇ ಹೊರತು ಕಾನೂನನ್ನು ಮಾಡುವ ಅಧಿಕಾರವಿರಲಿಲ್ಲ. 1907ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನ್ಯಾಯವಿಧಾಯಕ ಸಭೆಯು ಏರ್ಪಟ್ಟಿತು. 1923ರ ಸುಧಾರಣೆಗಳಿಂದ ಎರಡು ಸಭೆಗಳಿಗೂ ಶಾಸನದ ಆಧಾರ ದೊರೆಯಿತು. ಆದರೂ ಅಧ್ಯಕ್ಷಪೀಠದಲ್ಲಿ ಕುಳಿತವರು ದಿವಾನರೇ. ಯಾರ ಆಡಳಿತವನ್ನು ಪ್ರಶ್ನಿಸಬೇಕೋ ಅವರೇ ಪ್ರಶ್ನೆಗೆ ಅಪ್ಪಣೆ ಕೊಡಬೇಕಾದ ಸ್ಥಿತಿ ಅದು.

ಇದು ಮೈಸೂರಿನ ಕನ್ನಡಿಗರ ಮಾತಾಯಿತು. ಉಳಿದವರ ಪಾಡೇನು? ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳ ಕನ್ನಡಿಗರು ಮುಂಬಯಿಯ ಸಭೆಯ ಕಡೆಗೆ ಮುಖ ಮಾಡಬೇಕಾಗಿತ್ತು. ಬಳ್ಳಾರಿ, ಮಂಗಳೂರಿನವರು ಮದ್ರಾಸಿನ ಕಡೆಗೆ. ಬೀದರ, ಕಲಬುರ್ಗಿ, ರಾಯಚೂರಿನವರು ನಿಜಾಮರ ಹೈದರಾಬಾದಿನ ಕಡೆಗೆ. ಕೊಡಗಿನವರದು ಬೇರೆಯೇ ದಾರಿ. ಎಲ್ಲಿ ಹೋದರೂ ಕನ್ನಡಿಗನು ಅಲ್ಪಸಂಖ್ಯಾತನು. ತನ್ನ ಕೆರೆಯ ಮಾತನ್ನು, ತನ್ನ ಶಾಲೆಯ ಮಾತನ್ನು ಪರಭಾಷೆಯಲ್ಲಿ ಪರರ ಮುಂದೆ ಇಡಬೇಕಾಗಿತ್ತು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ಕೂಡಿದಾಗ, ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ನೆರೆಯಿತು. ನಮ್ಮ ಅಹವಾಲನ್ನು ನಮ್ಮ ಭಾಷೆಯಲ್ಲಿ ಕೇಳಿ, ನಮ್ಮ ಭಾಷೆಯಲ್ಲಿ ಉತ್ತರ ಕೊಡುವ ಒಂದು ಮನೆ ನಮಗೆ ಬೇಕೆಂಬ ಹಂಬಲವು ಆ ಚಳುವಳಿಯ ಒಡಲಲ್ಲಿತ್ತು. 1953ರಲ್ಲಿ ಬಳ್ಳಾರಿಯ ಬಹುಭಾಗವು ಮೈಸೂರನ್ನು ಸೇರಿತು. 1956ರ ನವೆಂಬರ್ 1ರಂದು ಉಳಿದ ಭಾಗಗಳು ಕೂಡಿಕೊಂಡವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಅಂದರೆ ಮನೆ ಕಟ್ಟಿದ್ದಾಯಿತು, ಹೆಸರಿಟ್ಟದ್ದೂ ಆಯಿತು. ಇನ್ನು ಉಳಿದಿರುವುದು ಮನೆವಾರ್ತೆ.

ಆ ಮನೆಗೆ ಎರಡು ಅಂಕಣಗಳು. ವಿಧಾನಸಭೆಯು ಜನರು ನೇರವಾಗಿ ಆರಿಸಿದ ಕೆಳಮನೆ. ವಿಧಾನ ಪರಿಷತ್ತು ಮೇಲ್ಮನೆ. 1952ರಲ್ಲಿ ಸಂವಿಧಾನದ ಮೇರೆಗೆ ಮೈಸೂರಿನಲ್ಲಿ ಪರಿಷತ್ತು ಏರ್ಪಟ್ಟಾಗ ಅದರ ಸದಸ್ಯರ ಸಂಖ್ಯೆ 40. ಏಕೀಕರಣದ ತರುವಾಯ 1957ರ ಕಾನೂನಿನಿಂದ ಅದು 63 ಆಯಿತು. 1987ರಿಂದ 75. ಅಮೇರಿಕದ ಸಂಸ್ಥಾನಗಳಲ್ಲಿಯೂ ಸೆನೆಟ್ ಎಂಬ ಮೇಲ್ಮನೆಗಳುಂಟು. ನೆಬ್ರಾಸ್ಕ ಒಂದು ಮಾತ್ರ 1937ರಿಂದ ಒಂದೇ ಮನೆಯಿಂದ ಸಂಸಾರ ನಡೆಸುತ್ತಿದೆ. ಆದರೆ ಅಲ್ಲಿಯ ಸೆನೆಟಿನ ಸದಸ್ಯರನ್ನು ಸಾಮಾನ್ಯ ಮತದಾರರೇ ಕ್ಷೇತ್ರಗಳಿಂದ ನೇರವಾಗಿ ಆರಿಸುತ್ತಾರೆ. ನಮ್ಮಲ್ಲಿ ಕ್ರಮವು ಬೇರೆ. 75ರಲ್ಲಿ 25 ಮಂದಿಯನ್ನು ಗ್ರಾಮ ಪಂಚಾಯಿತಿ, ಪುರಸಭೆ ಮೊದಲಾದ ಸ್ಥಳೀಯ ಸಂಸ್ಥೆಗಳವರು ಆರಿಸುತ್ತಾರೆ. 25 ಮಂದಿಯನ್ನು ವಿಧಾನಸಭೆಯ ಸದಸ್ಯರು ಆರಿಸುತ್ತಾರೆ. 7 ಮಂದಿ ಪದವೀಧರರಿಂದ, 7 ಮಂದಿ ಶಿಕ್ಷಕರಿಂದ ಆರಿಸಲ್ಪಟ್ಟವರು. ಉಳಿದ 11 ಮಂದಿ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳುವಳಿ, ಸಮಾಜಸೇವೆ ಇವುಗಳಲ್ಲಿ ಪರಿಣತರೆಂದು ರಾಜ್ಯಪಾಲರಿಂದ ನಾಮಕರಣ ಹೊಂದಿದವರು. ಈ ಸಭೆಯು ಎಂದಿಗೂ ವಿಸರ್ಜನೆಯಾಗದು. ಸದಸ್ಯರ ಅವಧಿ 6 ವರ್ಷ. ಎರಡು ವರ್ಷಗಳಿಗೊಮ್ಮೆ ಮೂರರಲ್ಲೊಂದು ಪಾಲು ಸದಸ್ಯರು ನಿವೃತ್ತರಾಗುವರು. ಸರಕಾರಗಳು ಬೀಳಲಿ, ಏಳಲಿ, ಈ ಮನೆಯ ದೀಪ ಆರುವುದಿಲ್ಲ.

ಈಗ ಅಧಿವೇಶನದ ಒಂದು ದಿನವನ್ನು ತೆಗೆದುಕೊಳ್ಳೋಣ. ಗಂಟೆ ಬಾರಿಸುತ್ತದೆ. ಸಭಾಪತಿಯವರು ಪೀಠವನ್ನು ಅಲಂಕರಿಸುತ್ತಾರೆ. ಮೊದಲು ನೋಡತಕ್ಕದ್ದು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ. ಸಂವಿಧಾನವು ಇದಕ್ಕೆ 10 ಮಂದಿ ಅಥವಾ ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಪಾಲು, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಎಂದು ವಿಧಿಸಿದೆ. 75 ಸದಸ್ಯರ ನಮ್ಮ ಪರಿಷತ್ತಿಗೆ 10 ಮಂದಿ ಇದ್ದರೆ ಸಾಕು. ಶಾಲೆಯ ಒಂದು ತರಗತಿಯಲ್ಲಿ 75ರಲ್ಲಿ 10 ಮಕ್ಕಳು ಬಂದರೆ ಉಪಾಧ್ಯಾಯರು ಆ ದಿನದ ಹಾಜರಿ ಪಟ್ಟಿಯನ್ನು ಹೇಗೆ ನೋಡುವರೆಂಬುದನ್ನು ತಮಗೆ ನಾವು ಹೇಳಬೇಕಾಗಿಲ್ಲ. ಅಷ್ಟು ಕೆಳಗಿನ ಮಿತಿಯೂ ತುಂಬದೆ ಹೋದರೆ ಸಭಾಪತಿಯವರು ಸಭೆಯನ್ನು ಮುಂದೂಡಬೇಕು, ಇಲ್ಲವೆ ಕೆಲಕಾಲ ನಿಲ್ಲಿಸಬೇಕು.

ಬಳಿಕ ಪ್ರಶ್ನೋತ್ತರ. ದಿನದ ಕಲಾಪದಲ್ಲಿ ಇದಕ್ಕಿಂತ ಬೆಲೆಯುಳ್ಳ ಭಾಗವು ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ಆ ಉತ್ತರದ ಮೇಲೆ ಸದಸ್ಯರು ಉಪಪ್ರಶ್ನೆಗಳನ್ನು ಹಾಕಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರೆದ ಉತ್ತರ ದೊರೆಯುತ್ತದೆ. ಇಂಥ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಎಷ್ಟು ಹುದ್ದೆಗಳು ಖಾಲಿ ಇವೆ? ಇಂಥ ಸೇತುವೆಗೆ ಮಂಜೂರಾದ ಹಣವು ಎಷ್ಟು, ವೆಚ್ಚವಾದದ್ದು ಎಷ್ಟು? ಇಂಥ ಪ್ರಶ್ನೆಯೊಂದು ಕಚೇರಿಗೆ ಇಳಿದೊಡನೆ ಕಡತಗಳು ಕಪಾಟಿನಿಂದ ಹೊರಬರುತ್ತವೆ. ಕೆಳಗಿನ ಅಧಿಕಾರಿಯು ಲೆಕ್ಕವನ್ನು ಬರೆದು ಮೇಲಿನವನಿಗೆ ಕಳುಹಿಸುತ್ತಾನೆ, ಮೇಲಿನವನು ಅದಕ್ಕೆ ರುಜು ಹಾಕುತ್ತಾನೆ. ಕೊನೆಗೆ ಮಂತ್ರಿಯು ಅದನ್ನು ತನ್ನ ಮಾತಾಗಿ ಸಭೆಯಲ್ಲಿ ಓದುತ್ತಾನೆ. ಬೀದರದ ಪ್ರಶ್ನೆಗೂ ಕಾರವಾರದ ಪ್ರಶ್ನೆಗೂ ಕೊಳ್ಳೇಗಾಲದ ಪ್ರಶ್ನೆಗೂ ಒಂದೇ ದಿನ, ಒಂದೇ ಪೀಠದ ಮುಂದೆ, ಕನ್ನಡದಲ್ಲಿ ಉತ್ತರ ಬರುವುದೆಂದರೆ ಅದು ಸಣ್ಣ ಸಂಗತಿಯೇ? 1956ಕ್ಕೆ ಮೊದಲು ಇದು ಕನಸಾಗಿತ್ತು. ಇಂದು ಇದು ದಿನಚರಿಯಾಗಿದೆ. ದಿನಚರಿಯಾದುದರಿಂದಲೇ ನಾವು ಅದರ ಬೆಲೆಯನ್ನು ಮರೆತಿದ್ದೇವೆ.

ಉತ್ತರ ಕೊಡುವಾಗ ಮಂತ್ರಿಗಳು ಪರಿಶೀಲಿಸುತ್ತೇವೆ, ಕ್ರಮ ಕೈಕೊಳ್ಳುತ್ತೇವೆ ಎಂದು ಹೇಳುವುದು ವಾಡಿಕೆ. ಹೊರಗೆ ಆಡಿದ ಇಂಥ ಮಾತು ಗಾಳಿಗೆ ಹೋದೀತು. ಸಭೆಯಲ್ಲಿ ಆಡಿದ ಮಾತನ್ನು ಹಾಗೆ ಬಿಡುವಂತಿಲ್ಲ. ಅಲ್ಲಿ ಕೊಟ್ಟ ಭರವಸೆಗಳು ಈಡೇರಿದವೋ ಇಲ್ಲವೋ ಎಂದು ನೋಡುವುದಕ್ಕೆಂದೇ ಭರವಸೆಗಳ ಸಮಿತಿ ಎಂಬುದೊಂದಿದೆ. ಪ್ರಜೆಗಳು ಒಪ್ಪಿಸುವ ಮನವಿಗಳಿಗೆ ಅರ್ಜಿಗಳ ಸಮಿತಿ ಇದೆ. ಇವುಗಳ ಕೆಲಸದಲ್ಲಿ ಚಪ್ಪಾಳೆಗೆ ಅವಕಾಶವಿಲ್ಲ. ಆದಕಾರಣ ಪತ್ರಿಕೆಗಳಲ್ಲಿ ಇವುಗಳಿಗೆ ಸ್ಥಳವೂ ಇಲ್ಲ.

ಪ್ರಶ್ನೋತ್ತರದ ಹೊರತಾಗಿ ಕಾಗದಪತ್ರಗಳನ್ನು ಸಭೆಯ ಮುಂದಿಡುವ ಕಾರ್ಯವಿದೆ. ಮಂತ್ರಿಯೊಬ್ಬರು ಎದ್ದು ಒಂದು ವಾಕ್ಯವನ್ನು ಓದಿ ಕುಳಿತುಬಿಡುತ್ತಾರೆ. ನೋಡುವವರಿಗೆ ಇದು ಬರಿಯ ಶಾಸ್ತ್ರ. ಆದರೆ ಹಾಗೆ ಇಡುವ ಕಾಗದಗಳಲ್ಲಿ ಏನಿರುತ್ತದೆ? ಸರಕಾರದ ಲೆಕ್ಕವನ್ನು ಪರಿಶೋಧಿಸಿದ ಮಹಾಲೇಖಪಾಲರ ವರದಿ ಇರುತ್ತದೆ. ಸಭೆ ಸೇರದಿದ್ದ ಕಾಲದಲ್ಲಿ ಹೊರಡಿಸಿದ ಸುಗ್ರೀವಾಜ್ಞೆ ಇರುತ್ತದೆ. ಸುಗ್ರೀವಾಜ್ಞೆಯನ್ನು ಎರಡು ಮನೆಗಳ ಮುಂದೆಯೂ ಇಡಲೇಬೇಕು. ಸಭೆ ಮತ್ತೆ ಕೂಡಿದ 6 ವಾರಗಳೊಳಗಾಗಿ ಅದು ಕಾನೂನಾಗಿ ಅಂಗೀಕೃತವಾಗದಿದ್ದರೆ ತಾನಾಗಿಯೇ ಬಿದ್ದುಹೋಗುತ್ತದೆ. ಸರಕಾರವು ತಾನೊಂದೇ ನಿಂತು ಮಾಡಿದ ಕಾರ್ಯವನ್ನು ಜನಪ್ರತಿನಿಧಿಗಳ ಕಣ್ಣಿಗೆ ತೋರಿಸುವ ಕ್ಷಣ ಇದು. ಆ ಒಂದು ವಾಕ್ಯಕ್ಕೆ ಎಷ್ಟು ತೂಕವಿದೆ, ನೋಡಿರಿ!

ಮುಂದೆ ಶೂನ್ಯವೇಳೆ, ಗಮನ ಸೆಳೆಯುವ ಸೂಚನೆಗಳು ಬರುತ್ತವೆ. ಅಕಸ್ಮಾತ್ತಾಗಿ ಒದಗಿದ ತೊಂದರೆಗಳನ್ನು ಸದಸ್ಯರು ಇಲ್ಲಿ ಎತ್ತುತ್ತಾರೆ. ಅನಂತರ ವಿಧೇಯಕಗಳು. ವಿಧೇಯಕವೊಂದನ್ನು ಮಂಡಿಸಿ, ಅದರ ತತ್ತ್ವವನ್ನು ಚರ್ಚಿಸಿ, ಖಂಡ ಖಂಡವಾಗಿ ಪರ್ಯಾಲೋಚಿಸಿ, ತಿದ್ದುಪಡಿಗಳನ್ನು ಮತಕ್ಕೆ ಹಾಕಿ, ಕಡೆಗೆ ಅಂಗೀಕರಿಸುವುದು ಕ್ರಮ. ಸಭಾಪತಿಯವರು ಪ್ರಶ್ನೆಯನ್ನು ಸಭೆಯ ಮುಂದಿಟ್ಟಾಗ ಒಪ್ಪಿದವರು ಹೌದೆಂದೂ ಒಪ್ಪದವರು ಅಲ್ಲವೆಂದೂ ಕೂಗಿ ಹೇಳುತ್ತಾರೆ. ಇದು ಧ್ವನಿಮತ. ಯಾರಾದರೂ ಮತವಿಭಜನೆಯನ್ನು ಕೇಳಿದರೆ ತಲೆಗಳನ್ನು ಎಣಿಸಬೇಕಾಗುತ್ತದೆ. ಎರಡು ಪಕ್ಷಕ್ಕೂ ಸಮಮತಗಳು ಬಿದ್ದರೆ ಪೀಠದಲ್ಲಿರುವವರು ನಿರ್ಣಾಯಕ ಮತವನ್ನು ಕೊಡುತ್ತಾರೆ.

ಇಲ್ಲಿ ಒಬ್ಬ ಸಂದೇಹವಾದಿಯು ಎದ್ದು ಕೇಳಬಹುದು: ಕೆಳಮನೆಯು ಒಮ್ಮೆ ಒಪ್ಪಿದ ಮೇಲೆ ಮೇಲ್ಮನೆಯ ಈ ಪರ್ಯಾಲೋಚನೆಯಿಂದ ಫಲವೇನು? ಪ್ರಶ್ನೆಯು ನ್ಯಾಯವಾದುದೇ. ಹಣಕಾಸಿನ ವಿಧೇಯಕವನ್ನು ಪರಿಷತ್ತು 14 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆಯವ್ಯಯವನ್ನು ಚರ್ಚಿಸಬಹುದು, ಆದರೆ ಬೇಡಿಕೆಗಳಿಗೆ ಮತ ಕೊಡುವ ಅಧಿಕಾರವು ಕೆಳಮನೆಗೆ ಮಾತ್ರ ಸೇರಿದ್ದು. ಇತರ ವಿಧೇಯಕಗಳನ್ನು ಪರಿಷತ್ತು ತಿರಸ್ಕರಿಸಿದರೆ, ಅಥವಾ 3 ತಿಂಗಳು ಕಳೆದರೂ ಒಪ್ಪದಿದ್ದರೆ, ವಿಧಾನಸಭೆಯು ಅದನ್ನು ಮತ್ತೊಮ್ಮೆ ಅಂಗೀಕರಿಸಿ ಕಳುಹಿಸಬಹುದು. ಎರಡನೆಯ ಸಲ ಪರಿಷತ್ತಿಗೆ ಉಳಿಯುವುದು 1 ತಿಂಗಳಿನ ಕಾಲ. ಅದು ಮುಗಿದರೆ ಪರಿಷತ್ತು ಒಪ್ಪದಿದ್ದರೂ ವಿಧೇಯಕವು ಎರಡು ಮನೆಗಳಲ್ಲಿಯೂ ಅಂಗೀಕೃತವಾದಂತೆಯೇ. 2024ರ ಫೆಬ್ರವರಿಯಲ್ಲಿ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ವಿಧೇಯಕವನ್ನು ಪರಿಷತ್ತು ಧ್ವನಿಮತದಿಂದ ತಿರಸ್ಕರಿಸಿತು. ಕೆಲವೇ ದಿನಗಳಲ್ಲಿ ವಿಧಾನಸಭೆಯು ಅದನ್ನು ಮರಳಿ ಅಂಗೀಕರಿಸಿತು. ಆ ವಿಧೇಯಕದ ಗುಣದೋಷಗಳು ಇಂದಿನ ನಮ್ಮ ವಿಷಯವಲ್ಲ. ಮೇಲ್ಮನೆಯ ಶಕ್ತಿ ಎಷ್ಟರವರೆಗೆ, ಎಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ ಮಾತ್ರ ಅದು ನಿದರ್ಶನ.

ಆದುದರಿಂದ ಮೇಲ್ಮನೆಗೆ ತಡೆಯುವ ಬಲವಿಲ್ಲ, ತಡೆದು ನಿಲ್ಲಿಸಿ ಯೋಚಿಸುವಂತೆ ಮಾಡುವ ಬಲವಿದೆ. ಆ ಬಲವು ಇರುವುದೆಲ್ಲ ಮಾತಿನಲ್ಲಿ: ಕೇಳಿದ ಪ್ರಶ್ನೆಯಲ್ಲಿ, ತೋರಿಸಿದ ತಪ್ಪಿನಲ್ಲಿ, ಸೂಚಿಸಿದ ತಿದ್ದುಪಡಿಯಲ್ಲಿ. ಮಾತೇ ನಡೆಯದ ದಿನ ಮೇಲ್ಮನೆಯ ಕೈಯಲ್ಲಿ ಉಳಿಯುವುದು ಶೂನ್ಯ. ಕೆಳಮನೆಯು ಗದ್ದಲದಲ್ಲಿ ಒಂದು ದಿನವನ್ನು ಕಳೆದರೆ ಅದರ ಅಧಿಕಾರವು ಮರುದಿನವೂ ಇರುತ್ತದೆ. ಮೇಲ್ಮನೆಯು ಕಳೆದುಕೊಂಡರೆ ತನ್ನ ಅಸ್ತಿತ್ವದ ಕಾರಣವನ್ನೇ ಕಳೆದುಕೊಳ್ಳುತ್ತದೆ. 2020ರ ಡಿಸೆಂಬರ್ 15ರಂದು ನಮ್ಮ ಪರಿಷತ್ತಿನಲ್ಲಿ ಪೀಠದಲ್ಲಿದ್ದ ಉಪಸಭಾಪತಿಯವರನ್ನು ಸದಸ್ಯರೇ ಹಿಡಿದೆಳೆದು ಕೆಳಗಿಳಿಸಿದರು. ನೂಕುನುಗ್ಗಲಿನ ನಡುವೆ ಸಭೆಯು ಮುಂದೂಡಲ್ಪಟ್ಟಿತು. ಯಾವ ಪಕ್ಷದವರದು ಎಷ್ಟು ತಪ್ಪೆಂದು ತೂಗಿ ನೋಡುವುದಕ್ಕೆ ನಾವು ಹೊರಟಿಲ್ಲ. ನಾಡೆಲ್ಲ ನೋಡಿ ತಲೆತಗ್ಗಿಸಿದ ದಿನ ಅದು. ಹಿರಿಯರ ಮನೆಯೆಂದು ಹೆಸರು ಪಡೆದ ಸಭೆಯೇ ಹೀಗೆ ನಡೆದುಕೊಂಡರೆ ಕಿರಿಯರಿಗೆ ಬುದ್ಧಿ ಹೇಳತಕ್ಕವರು ಯಾರು?

ಮೇಲ್ಮನೆಯು ಶಾಶ್ವತವೆಂದು ಹೇಳಿದೆವಷ್ಟೆ. ವಿಸರ್ಜನೆಯ ದೃಷ್ಟಿಯಿಂದ ಆ ಮಾತು ನಿಜ, ರದ್ದತಿಯ ದೃಷ್ಟಿಯಿಂದಲ್ಲ. ವಿಧಾನಸಭೆಯು ವಿಶೇಷ ಬಹುಮತದಿಂದ ನಿರ್ಣಯ ಮಾಡಿ, ಪಾರ್ಲಿಮೆಂಟು ಅದರಂತೆ ಕಾನೂನು ಮಾಡಿದರೆ ಪರಿಷತ್ತನ್ನು ತೆಗೆದುಹಾಕಬಹುದು. ಪಶ್ಚಿಮ ಬಂಗಾಳದಲ್ಲಿ 1969ರಲ್ಲಿಯೂ ತಮಿಳುನಾಡಿನಲ್ಲಿ 1986ರಲ್ಲಿಯೂ ಹೀಗೆಯೇ ಮೇಲ್ಮನೆಗಳು ಕಣ್ಮರೆಯಾದವು. ಆಂಧ್ರದಲ್ಲಿ 1985ರಲ್ಲಿ ಹೋದದ್ದು 2007ರಲ್ಲಿ ಮರಳಿ ಬಂದಿತು. ಇಂದು ಭಾರತದ ಆರು ರಾಜ್ಯಗಳಲ್ಲಿ ಮಾತ್ರ ವಿಧಾನ ಪರಿಷತ್ತುಗಳಿವೆ. ಅವುಗಳಲ್ಲಿ ನಮ್ಮದೂ ಒಂದು. ಈ ಮನೆಯು ವ್ಯರ್ಥವೆಂಬ ಮಾತಿಗೆ ಎದುರಾಡಬೇಕಾದರೆ ಭಾಷಣಗಳು ಸಾಲವು. ಅದರ ದಿನಚರಿಯೇ ಸಾಕ್ಷಿ ನುಡಿಯಬೇಕು.

ಇನ್ನು ಭಾಷೆಯ ಮಾತು. ಸಂವಿಧಾನದ 210ನೆಯ ಅನುಚ್ಛೇದವು ರಾಜ್ಯದ ಸಭೆಗಳ ಕಲಾಪವು ರಾಜ್ಯದ ಅಧಿಕೃತ ಭಾಷೆಯಲ್ಲಿ ನಡೆಯಲು ಎಡೆ ಕೊಟ್ಟಿದೆ. 1963ರ ಕಾನೂನಿನಿಂದ ಕನ್ನಡವು ನಮ್ಮ ಅಧಿಕೃತ ಭಾಷೆಯಾಯಿತು. ಸಭೆಯಲ್ಲಿ ಕನ್ನಡವು ಮೊಳಗುತ್ತದೆಂಬುದು ನಿಜ. ಆದರೆ ಸಂವಿಧಾನದ 348ನೆಯ ಅನುಚ್ಛೇದವನ್ನೂ ತಾವು ಓದಬೇಕು. ರಾಜ್ಯವು ತನ್ನ ಭಾಷೆಯಲ್ಲಿ ಕಾನೂನು ಮಾಡಿದರೂ ಅದರ ಇಂಗ್ಲಿಷ್ ಭಾಷಾಂತರವು ಗೆಜೆಟ್ಟಿನಲ್ಲಿ ಪ್ರಕಟವಾಗಬೇಕು. ಇಂಗ್ಲಿಷಿನಲ್ಲಿ ಅಧಿಕೃತ ಪಾಠವೆಂದು ಅದನ್ನೇ ಹಿಡಿಯತಕ್ಕದ್ದು. ಉಚ್ಚ ನ್ಯಾಯಾಲಯದ ವ್ಯವಹಾರವೂ ಮುಖ್ಯವಾಗಿ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಹೀಗಿರುವಾಗ ಕನ್ನಡದಲ್ಲಿ ಚರ್ಚಿಸಿದ ಸದಸ್ಯನು ಕನ್ನಡದ ಕರಡನ್ನು ಪದಪದವಾಗಿ ನೋಡಿ, ಈ ಶಬ್ದವು ರೈತನಿಗೆ ಅರ್ಥವಾದೀತೇ, ಇದಕ್ಕೆ ಎರಡರ್ಥ ಬಂದೀತೇ ಎಂದು ವಿಚಾರಿಸದೆ ಹೋದರೆ ಕನ್ನಡವು ಭಾಷಣದ ಭಾಷೆಯಾಗಿ ಉಳಿದೀತೇ ಹೊರತು ಕಾನೂನಿನ ಭಾಷೆಯಾಗಲಾರದು. ಸಾಹಿತ್ಯವನ್ನು ಬಲ್ಲವರಿಗೆ ಮೇಲ್ಮನೆಯಲ್ಲಿ ಸ್ಥಾನವಿಟ್ಟದ್ದಕ್ಕೆ ಇದಕ್ಕಿಂತ ಯೋಗ್ಯವಾದ ಉಪಯೋಗ ಯಾವುದಿದೆ? ಕವಿ ಸಿದ್ಧಲಿಂಗಯ್ಯನವರಂಥವರು ಈ ಪರಿಷತ್ತಿನಲ್ಲಿ ಎರಡು ಅವಧಿ ಕುಳಿತಿದ್ದರು. ಆ 11 ಸ್ಥಾನಗಳು ಪಕ್ಷದವರ ಋಣ ತೀರಿಸುವ ಸಾಧನವಾಗದಂತೆ ನೋಡಿಕೊಳ್ಳುವುದು ನಾಡಿನ ಹೊಣೆ.

ಉಪಾಧ್ಯಾಯ ಬಂಧುಗಳೇ, ಕಡೆಯದಾಗಿ ತಮ್ಮನ್ನೇ ಉದ್ದೇಶಿಸಿ ಎರಡು ಮಾತು. ಪ್ರೌಢಶಾಲೆಗೆ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ 3 ವರ್ಷ ಪಾಠ ಹೇಳಿದವರಿಗೆ ಈ ಮೇಲ್ಮನೆಯಲ್ಲಿ ಪ್ರತ್ಯೇಕ ಮತವಿದೆ. ಪ್ರಾಥಮಿಕ ಶಾಲೆಯವರಿಗೆ ಅದಿಲ್ಲ. ಅವರ ಪರವಾಗಿಯೂ ಮಾತನಾಡಬೇಕಾದವರು ತಮ್ಮ ಪ್ರತಿನಿಧಿಗಳೇ. ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಲ್ಲಿ ಮೊದಲು ಆಯ್ಕೆಯಾದ ಬಸವರಾಜ ಹೊರಟ್ಟಿಯವರು 2022ರಲ್ಲಿ ಎಂಟನೆಯ ಸಲ ಗೆದ್ದರು, ಸಭಾಪತಿ ಪೀಠವನ್ನೂ ಏರಿದರು. ಶಿಕ್ಷಕರ ಮತಕ್ಕೆ ಆ ಪೀಠದವರೆಗೆ ತಲುಪುವ ಬಲವುಂಟೆಂಬುದು ಇದರಿಂದ ವೇದ್ಯ. ಆದರೆ ಶಿಕ್ಷಕರ ಮತ್ತು ಪದವೀಧರರ ಮತದಾರರ ಪಟ್ಟಿಯು ಸಾಮಾನ್ಯ ಪಟ್ಟಿಯಂತಲ್ಲ. ಪ್ರತಿ ಚುನಾವಣೆಗೂ ಅದನ್ನು ಹೊಸದಾಗಿ ಬರೆಯುತ್ತಾರೆ. ಹಿಂದಿನ ಸಲ ಹೆಸರಿತ್ತೆಂದು ಸುಮ್ಮನೆ ಕುಳಿತವನ ಹೆಸರು ಈ ಸಲ ಇರುವುದಿಲ್ಲ. ಅರ್ಹತೆಯನ್ನು ಎಣಿಸುವ ದಿನ ಯಾವುದು ಬಲ್ಲಿರಾ? ನವೆಂಬರ್ 1! ನಾಡು ಒಂದಾದ ದಿನವೇ ಲೆಕ್ಕಕ್ಕೆ ಹಿಡಿಯುವ ದಿನವೂ ಆಗಿದೆ. ಅಂದು ಬೆಳಿಗ್ಗೆ ಧ್ವಜವನ್ನೇರಿಸಿ, ಮೆರವಣಿಗೆ ಮಾಡಿ, ಮನೆಗೆ ಹೋಗಿ ಮಲಗುವವರು ಹಲವರು. ಅದೇ ದಿನ ತನ್ನ ಹೆಸರು ಪಟ್ಟಿಗೆ ಸೇರಲು ಅರ್ಜಿ ಹಾಕಿದ್ದೇನೆಯೇ ಎಂದು ನೋಡಿಕೊಳ್ಳುವವರು ಎಷ್ಟು ಮಂದಿ?

ಅದರ ಜೊತೆಗೆ ಇನ್ನೊಂದು ಕೆಲಸವೂ ಆಗಬೇಕು. ಪರಿಷತ್ತಿನ ನಡವಳಿಗಳು ಅಕ್ಷರಶಃ ದಾಖಲಾಗುತ್ತವೆ. ತಮ್ಮ ಜಿಲ್ಲೆಯ ಪ್ರತಿನಿಧಿಯು ಕಳೆದ ಅಧಿವೇಶನದಲ್ಲಿ ಎಷ್ಟು ದಿನ ಹಾಜರಿದ್ದರು, ಯಾವ ಪ್ರಶ್ನೆಗಳನ್ನು ಕೇಳಿದರು, ಯಾವ ಉತ್ತರ ಪಡೆದರು ಎಂಬುದನ್ನು ಅವರು ಊರಿಗೆ ಬಂದಾಗ ಕೇಳಿರಿ. ಶಾಲೆಯ ಮೇಲಿನ ತರಗತಿಗಳಲ್ಲಿ ಒಂದು ಪ್ರಶ್ನೋತ್ತರವನ್ನು ಮಕ್ಕಳಿಂದ ಓದಿಸಿರಿ. ಪೌರನೀತಿಯ ಪಾಠಕ್ಕೆ ಇದಕ್ಕಿಂತ ಜೀವಂತವಾದ ಪಠ್ಯವಿಲ್ಲ. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವು ತೆರೆದ ಬಳಿಕ ಸಭೆಗಳು ಉತ್ತರದಲ್ಲಿಯೂ ಕೂಡುತ್ತಿವೆ. ಆ ಭಾಗದ ಉಪಾಧ್ಯಾಯರು ಅಪ್ಪಣೆ ಪಡೆದು ಮಕ್ಕಳನ್ನು ಪ್ರೇಕ್ಷಕರ ಅಂಗಣಕ್ಕೆ ಕರೆದೊಯ್ಯಬಹುದು. ಮೇಲಿನಿಂದ ನೂರು ಎಳೆಯ ಕಣ್ಣುಗಳು ನೋಡುತ್ತಿದ್ದರೆ ಕೆಳಗೆ ಕುಳಿತ ಹಿರಿಯರ ನಡತೆಗೂ ಒಂದು ಮೇರೆ ಬಂದೀತು.

ಕಟ್ಟಿದ ಮನೆಗೆ ದಿನವೂ ಕಸ ಗುಡಿಸದಿದ್ದರೆ ಗೆದ್ದಲು ಹಿಡಿಯುತ್ತದೆ. ಹಿರಿಯರು ಒಂದೊಂದು ಕಲ್ಲನ್ನು ಒಂದೊಂದು ಸೀಮೆಯಿಂದ ಹೊತ್ತು ತಂದು ಕಟ್ಟಿದ ಮನೆ ಇದು. ಗುಡಿಸುವ ಕೆಲಸವು ಆಕರ್ಷಕವಲ್ಲ, ಅದಕ್ಕೆ ಹಾರತುರಾಯಿಗಳಿಲ್ಲ. ಆದರೂ ಅದು ನಡೆಯುತ್ತಿದೆಯೇ ಎಂದು ಬೆಳಿಗ್ಗೆ ಎದ್ದು ನೋಡುವವರು ಊರಿಗೊಬ್ಬರಾದರೂ ಇರಬೇಕು. ಇಲ್ಲಿ ನೆರೆದವರಲ್ಲಿ ಆ ಒಬ್ಬರು ಇದ್ದಾರೆಂದು ನಾವು ನಂಬಿದ್ದೇವೆ.

ಜಯ ಕರ್ನಾಟಕ.